ಕೈಬಿಡುವುದೆಂದರೆ ಯಾರ ಕೈಗೆ ಬಿಡುವುದು?

ಸಂಜೆವೀಣೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಬರೆಯಬೇಕು ಎಂದುಕೊಂಡು ನಾಲ್ಕು ತಿಂಗಳಿಂದ ಬರೆಯದೆ ಉಳಿಸಿಕೊಂಡಿದ್ದ ಪ್ರಶ್ನೆಯೊಂದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ಇಷ್ಟು ತಡವಾದದ್ದೂ ಆ ಪ್ರಶ್ನೆಯ ಒಂದು ಭಾಗವೇ.

ನನಗೆ 46 ವರ್ಷ. ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮೂರು ವರ್ಷಗಳ ಹಿಂದೆ ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಖಚಿತವಾಯಿತು. ಈ ಕಾಯಿಲೆಯವರಿರುವ ಮನೆಯಲ್ಲಿ ದಿನವನ್ನು ಮಾತ್ರೆಯೇ ಆಳುತ್ತದೆ. ಲೆವೊಡೋಪ ಮಾತ್ರೆಯನ್ನು ಹೊತ್ತು ತಪ್ಪದೆ ಕೊಡಬೇಕು. ಬೇಳೆ, ಹಾಲು, ಮೊಸರು ಹೆಚ್ಚಿರುವ ಊಟದ ಜೊತೆಗೆ ಕೊಟ್ಟರೆ ಅದು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಊಟದ ಹೊತ್ತನ್ನೂ ಅದಕ್ಕೆ ಹೊಂದಿಸಬೇಕು. ತಡವಾದರೆ ಮೈ ಬಿಗಿದುಕೊಂಡು ಅಮ್ಮ ಕುರ್ಚಿಯಿಂದ ಏಳುವುದೂ ಕಷ್ಟವಾಗುತ್ತದೆ. ಹೀಗಾಗಿ ನನ್ನ ಬಿಡುವು ಕಡಿಮೆಯಾಗಿದೆ ಎನ್ನುವುದಕ್ಕಿಂತ ತುಂಡುತುಂಡಾಗಿದೆ ಎನ್ನುವುದೇ ಸರಿ.

ಈ ಮೊದಲೇ ಒಪ್ಪಿಕೊಂಡಿದ್ದ ಕೆಲಸಗಳು ಮಾತ್ರ ಹಾಗೆಯೇ ಇವೆ. ಕನ್ನಡ ವಿಕಿಪೀಡಿಯದಲ್ಲಿ ಧಾತುಗಳ ಬಗೆಗಿನ ಲೇಖನಗಳನ್ನು ತಿದ್ದುತ್ತಾ ಬಂದಿದ್ದೇನೆ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಒಂದು ಸ್ವತಂತ್ರ ತಂತ್ರಾಂಶದ ಕನ್ನಡ ಅನುವಾದವನ್ನು ಆರು ವರ್ಷಗಳಿಂದ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ವೀಣೆ ಕಲಿಯುತ್ತಿದ್ದೇನೆ, ಅಥವಾ ಕಲಿಯುತ್ತಿದ್ದೆ. ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಇವುಗಳ ಮೇಲೆ ಸೋದರಮಾವನ ಮೊಮ್ಮಗನಿಗೆ ಭಾನುವಾರ ಪಾಠ ಹೇಳಿಕೊಡುತ್ತೇನೆಂದು ಕೊಟ್ಟ ಮಾತು ಬೇರೆ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟೆ. ವಾರದ 168 ಗಂಟೆಗಳಲ್ಲಿ ನಿದ್ದೆ, ಕಾಲೇಜು, ಓಡಾಟ, ಅಡುಗೆ, ಅಮ್ಮನ ಆರೈಕೆ ಕಳೆದ ಮೇಲೆ ನನ್ನದೆಂದು ಉಳಿದದ್ದು ಸುಮಾರು 11 ಗಂಟೆ; ಅದರಲ್ಲಿಯೂ ಎಡೆಬಿಡದೆ ಒಂದು ಗಂಟೆ ದೊರೆತದ್ದು ವಾರಕ್ಕೆ ಮೂರೇ ಸಲ, ಮೂರೂ ಸಲ ರಾತ್ರಿ ಒಂಬತ್ತರ ನಂತರ, ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಹೊತ್ತಿನಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಆದರೆ ನಾನು ಕಾಲು ಚಾಚಿದ ದಿನ ಹಾಸಿಗೆ ಸಾಕಷ್ಟು ಉದ್ದವಾಗಿಯೇ ಇತ್ತು, ಮೊಟಕಾದದ್ದು ಆಮೇಲೆ. ಚಾಚಿದ ಕಾಲನ್ನು ಮಡಚುವ ಬಗೆ ಯಾವುದೆಂದು ಗಾದೆ ಹೇಳುವುದಿಲ್ಲ. ಕೆಲವನ್ನು ಬಿಡಬೇಕೆಂಬುದು ನನಗೆ ಗೊತ್ತಿದೆ. ಯಾವುದನ್ನು, ಹೇಗೆ ಎಂಬಲ್ಲಿ ನಿಂತಿದ್ದೇನೆ. ಅನುವಾದದ ವಿಷಯವಂತೂ ಹೆಚ್ಚು ಕಾಡುತ್ತಿದೆ: ಸುಮಾರು 6,400 ಸಾಲುಗಳಲ್ಲಿ 1,900 ಬಾಕಿ ಇವೆ, ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಂದಾಗಲೆಲ್ಲ ಬಾಕಿ ಬೆಳೆಯುತ್ತದೆ, ಮತ್ತು ನಾನು ಬಿಟ್ಟರೆ ಆ ತಂತ್ರಾಂಶದ ಭಾಷೆಗಳ ಪಟ್ಟಿಯಿಂದ ಕನ್ನಡವೇ ಉದುರಿಹೋಗಬಹುದು. ಮಾಡುತ್ತಲೂ ಇಲ್ಲ, ಬಿಟ್ಟೂ ಇಲ್ಲ. ಇಂಥ ಸ್ಥಿತಿಯಿಂದ ಹೊರಬಂದವರು ಏನು ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

---

ಹಳೇಕೀಲಿಮಣೆ (ಬೆಂಗಳೂರು)

ಮೇಡಂ, ಅನುವಾದದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಅದೊಂದೇ ನನಗೆ ಅನುಭವದಿಂದ ಗೊತ್ತಿರುವುದು. ಹನ್ನೆರಡು ವರ್ಷ ಬಿಡುವಿನ ವೇಳೆಯಲ್ಲಿ ಸ್ವತಂತ್ರ ತಂತ್ರಾಂಶಗಳ ಪ್ಯಾಕೇಜುಗಳನ್ನು, ಎಂದರೆ ಗಣಕದಲ್ಲಿ ಸ್ಥಾಪಿಸಲು ಸಿದ್ಧಪಡಿಸಿದ ಕಟ್ಟುಗಳನ್ನು, ನೋಡಿಕೊಂಡು, ಕೊನೆಗೆ ಎಲ್ಲವನ್ನೂ ಬಿಟ್ಟುಕೊಟ್ಟವನು ನಾನು.

ಗಣಕ ನಡೆಸುವ ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಯ ಒಂದು ರೂಪವನ್ನು ಸಿದ್ಧಪಡಿಸುವ, 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯ ಹೆಸರನ್ನು ನೀವು ಕೇಳಿರುತ್ತೀರಿ. ಸಾವಿರಾರು ಪ್ಯಾಕೇಜುಗಳನ್ನು ಸಂಬಳವಿಲ್ಲದ ಸ್ವಯಂಸೇವಕರು ನೋಡಿಕೊಳ್ಳುವ ಆ ಸಮುದಾಯದಲ್ಲಿ, ದಣಿದವರು ಏನು ಮಾಡಬೇಕೆಂಬುದಕ್ಕೆ ಬಹು ಹಿಂದೆಯೇ ಒಂದು ಪದ್ಧತಿ ಬೆಳೆದಿದೆ. ಅಲ್ಲಿ ಬಿಡುವುದಕ್ಕೆ ಮೂರು ಮೆಟ್ಟಿಲುಗಳಿವೆ. ‘ನೆರವು ಬೇಕು’ ಎಂದು ಪ್ರಕಟಿಸಿದರೆ ಹೊಣೆ ನಿಮ್ಮದೇ ಆಗಿದ್ದು ಜೊತೆಗಾರರನ್ನು ಹುಡುಕುತ್ತಿದ್ದೀರಿ ಎಂದರ್ಥ. ‘ದತ್ತು ಬೇಕು’ ಎಂದರೆ ತಕ್ಕವರು ಬಂದ ಕೂಡಲೇ ವಹಿಸಿಕೊಡುತ್ತೀರಿ, ಅಲ್ಲಿಯವರೆಗೆ ಅಗತ್ಯವಾದದ್ದನ್ನು ಮಾತ್ರ ಮಾಡುತ್ತೀರಿ ಎಂದು. ಮೂರನೆಯದು ‘ಅನಾಥ’: ಇಂದಿನಿಂದ ಇದು ನನ್ನದಲ್ಲ ಎಂಬ ಘೋಷಣೆ. ಹಾಗೆ ಬಿಟ್ಟ ಪ್ಯಾಕೇಜು ಅಂದೇ ಮಾಯವಾಗುವುದಿಲ್ಲ. ಗುಣಮಟ್ಟ ನೋಡಿಕೊಳ್ಳುವ ಸಾಮೂಹಿಕ ಗುಂಪೊಂದರ ಹೆಸರಿಗೆ ಅದು ವರ್ಗವಾಗುತ್ತದೆ, ಬೇಕಾದವರು ಎತ್ತಿಕೊಳ್ಳಬಹುದು, ಯಾರಿಗೂ ಬೇಡವಾದರೆ ಮುಂದೊಂದು ದಿನ ತೆಗೆದುಹಾಕುತ್ತಾರೆ. ಆ ಹೆಸರು ಕೇಳಲು ಕಠೋರವಾಗಿದ್ದರೂ ಅನಾಥವೆಂದು ಘೋಷಿಸುವುದನ್ನು ಅಲ್ಲಿ ಯಾರೂ ಅಪರಾಧವಾಗಿ ಕಾಣುವುದಿಲ್ಲ. ಘೋಷಿಸದೆ ಸುಮ್ಮನಾಗುವುದನ್ನೇ ತಪ್ಪೆನ್ನುತ್ತಾರೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಕುರ್ಚಿಯಲ್ಲಿ ಯಾರೋ ಇದ್ದಾರೆಂದೇ ಕಾಣುತ್ತದೆ. ಹೀಗಾಗಿ ಬರಬಹುದಾಗಿದ್ದವರೂ ಬರುವುದಿಲ್ಲ.

ನೀವು ಈಗ ಆ ಕುರ್ಚಿಯ ಮೇಲೆ ಟವೆಲ್ ಹಾಸಿ ಹೋಗಿದ್ದೀರಿ. ಬಸ್ಸಿನಲ್ಲಿ ಹಾಗೆ ಮಾಡುವವರ ಮೇಲೆ ನಮಗೆಲ್ಲ ಎಷ್ಟು ಸಿಟ್ಟು ಬರುತ್ತದೆಂದು ನೆನೆಸಿಕೊಳ್ಳಿ. ಈ ಮಾತನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಾನೂ ಎರಡು ವರ್ಷ ಹಾಗೆಯೇ ಮಾಡಿದ್ದೇನೆ.

ಹಾಗೆಂದು ಮೊದಲು ಕೈ ಚಾಚಿದವರಿಗೆ ಕೊಟ್ಟುಬಿಡುವುದೂ ಸರಿಯಲ್ಲ. ಎಕ್ಸ್‌ಜೆಡ್ ಯುಟಿಲ್ಸ್ ಎಂಬ ಕಡತ ಕುಗ್ಗಿಸುವ ಸಾಧನದ ಕಥೆಯನ್ನು ನಮ್ಮ ಕ್ಷೇತ್ರದವರು ಇನ್ನೂ ಮರೆತಿಲ್ಲ. ಜಗತ್ತಿನ ಬಹುಪಾಲು ಲಿನಕ್ಸ್ ಗಣಕಗಳಲ್ಲಿದ್ದ ಆ ಸಾಧನವನ್ನು ಒಬ್ಬರೇ ವ್ಯಕ್ತಿ, ಹವ್ಯಾಸವಾಗಿ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅವರು ಬಹುಕಾಲದ ಮಾನಸಿಕ ಆರೋಗ್ಯದ ತೊಂದರೆಯಿಂದ ತಮ್ಮ ಶಕ್ತಿ ಕುಗ್ಗಿದೆಯೆಂದು ಬಹಿರಂಗವಾಗಿಯೇ ಬರೆದುಕೊಂಡಿದ್ದರು. ಕೆಲಸ ನಿಧಾನವಾಯಿತು, ಬೇರೆಯವರಿಗೆ ವಹಿಸಿ ಎಂದು ಕೆಲವು ಅಪರಿಚಿತ ಹೆಸರುಗಳು ಅವರ ಮೇಲೆ ಒತ್ತಡ ತಂದವು. ಬಹಳ ದಿನಗಳಿಂದ ತಾಳ್ಮೆಯಿಂದ ನೆರವಾಗುತ್ತಿದ್ದ, ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿಗೆ ಕ್ರಮೇಣ ಅಧಿಕಾರ ದೊರೆಯಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದೇ ಹೆಸರಿನವರು ಹೊರಗಿನಿಂದ ಗಣಕದೊಳಗೆ ಗುಟ್ಟಾಗಿ ನುಗ್ಗಲು ಹಿಂಬಾಗಿಲೊಂದನ್ನು ಅಡಗಿಸಿಟ್ಟಿದ್ದರು. ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕುತೂಹಲಗೊಂಡ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಬೆನ್ನು ಹತ್ತಿದ್ದರಿಂದ 2024ರ ಮಾರ್ಚ್ 29ರಂದು ಸಂಗತಿ ಬಯಲಾಯಿತು. ದಣಿದವರ ತಪ್ಪನ್ನು ಎತ್ತಿ ಆಡುವುದು ನನ್ನ ಉದ್ದೇಶವಲ್ಲ. ಪೂರ್ತಿ ಬಸವಳಿದ ಮೇಲೆ ವಹಿಸಿಕೊಡುವವರಿಗೆ ಆರಿಸುವ ತ್ರಾಣ ಉಳಿದಿರುವುದಿಲ್ಲ. ಬಿಡುವ ಕೆಲಸಕ್ಕೂ ಸ್ವಲ್ಪ ಶಕ್ತಿ ಬೇಕು, ಅದನ್ನು ಮೀಸಲಿಡಬೇಕು.

ನಿಮ್ಮ ತಂತ್ರಾಂಶಕ್ಕೆ ಅಂಥ ಅಪಾಯವೇನೂ ಇರಲಾರದು. ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಮುಂದಿನ ಆವೃತ್ತಿಯ ದಿನಾಂಕವನ್ನು ಹೆಸರಿಸಿ, ‘ಅಂದಿಗೆ ನಾನು ಬಿಡುತ್ತೇನೆ, ಅಷ್ಟರೊಳಗೆ ಬರುವವರಿಗೆ ಕಲಿಸಿಕೊಡುತ್ತೇನೆ’ ಎಂದು ಬರೆಯಿರಿ. ಬಾಕಿ ಉಳಿದ 1,900 ಸಾಲುಗಳನ್ನು ಮುಟ್ಟಲೇಬೇಡಿ. ಅವುಗಳನ್ನು ಯಾರು ಬೇಕಾದರೂ ಮಾಡಬಹುದು. ನಿಮ್ಮ ತಲೆಯಲ್ಲಿ ಮಾತ್ರ ಇರುವುದನ್ನು ಬರೆದಿಡಿ: ಒಂದು ಆಜ್ಞೆಗೆ ‘ಅಳಿಸು’ ಎಂದೂ ಇನ್ನೊಂದಕ್ಕೆ ‘ತೆಗೆದುಹಾಕು’ ಎಂದೂ ಏಕೆ ಬರೆದಿರಿ, ‘ಕಡತ’ ಎಲ್ಲಿ, ‘ಫೈಲ್’ ಎಲ್ಲಿ, ಒಂದು ಮತ್ತು ಹಲವು ಎಂಬ ಬಹುವಚನದ ಎರಡು ರೂಪಗಳಲ್ಲಿ ಎಲ್ಲಿ ಎಡವಿದ್ದಿರಿ. ನಾಲ್ಕು ಪುಟದ ಆ ಟಿಪ್ಪಣಿ ಸಾವಿರ ಸಾಲಿನ ಅನುವಾದಕ್ಕಿಂತ ಹೆಚ್ಚು ಬಾಳುತ್ತದೆ. ಅಷ್ಟಾದರೂ ಯಾರೂ ಬಾರದಿದ್ದರೆ? ಆಗ ಕನ್ನಡ ಪಟ್ಟಿಯಿಂದ ಹೋಗಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಗೈಡೊ ವಾನ್ ರಾಸಮ್ 2018ರ ಜುಲೈನಲ್ಲಿ ಮುಖ್ಯಸ್ಥಾನದಿಂದ ಇಳಿದಾಗ ಉತ್ತರಾಧಿಕಾರಿಯನ್ನು ತಾವು ನೇಮಿಸುವುದಿಲ್ಲವೆಂದೇ ಹೇಳಿದರು. ಸಮುದಾಯ ತಿಂಗಳುಗಟ್ಟಲೆ ಚರ್ಚಿಸಿ, 2019ರ ಆರಂಭದಲ್ಲಿ ಐವರ ಮಂಡಲಿಯೊಂದನ್ನು ಚುನಾಯಿಸಿಕೊಂಡಿತು. ಕನ್ನಡಕ್ಕೆ ಅಷ್ಟು ದೊಡ್ಡ ಸಮುದಾಯವಿಲ್ಲ ಎಂಬುದು ನಿಜ. ಆದರೆ ಅದು ನಿಮ್ಮೊಬ್ಬರ ವಾರದ ಹನ್ನೊಂದು ಗಂಟೆಗಳಿಂದ ತುಂಬಬಹುದಾದ ಕೊರತೆಯೂ ಅಲ್ಲ.

---

ಮಲೆಯಂಚು (ಮೂಡಿಗೆರೆ)

ತಂತ್ರಾಂಶ ನನಗೆ ತಿಳಿಯದು. ನನ್ನದು ಸಣ್ಣ ಕಾಫಿ ತೋಟ. ಆದರೂ ‘ಯಾವುದನ್ನು ಬಿಡಬೇಕು’ ಎಂಬ ಪ್ರಶ್ನೆ ಓದಿದಾಗ ಹೇಳಬೇಕೆನಿಸಿದ್ದನ್ನು ಬರೆಯುತ್ತೇನೆ.

ಅರೇಬಿಕಾ ಗಿಡ ಈ ವರ್ಷ ಬೆಳೆಸಿದ ಅಡ್ಡರೆಂಬೆಯ ಮೇಲೆ ಮುಂದಿನ ವರ್ಷ ಹಣ್ಣು ಬಿಡುತ್ತದೆ. ಎಲೆಗೆ ಮೀರಿ ಕಾಯಿ ಕಚ್ಚಿದ ವರ್ಷ ಗಿಡ ತನ್ನಲ್ಲಿದ್ದುದನ್ನೆಲ್ಲ ಕಾಯಿಗೆ ಸುರಿದು, ಹೊಸ ರೆಂಬೆ ಬೆಳೆಸಲಾರದೆ, ಇದ್ದ ರೆಂಬೆಯ ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುತ್ತದೆ. ಬಂಪರ್ ಬೆಳೆಯೆಂದು ಹಿಗ್ಗಿದವನ ತೋಟ ಮರುವರ್ಷ ಬೋಳಾಗಿ ನಿಲ್ಲುವುದು ಹೀಗೆ. ಆದ್ದರಿಂದಲೇ ಕೊಯ್ಲು ಮುಗಿದ ಮೇಲೆ ಗಿಡ ಸವರುತ್ತೇವೆ. ಹೊಸಬರು ಒಣಗಿದ ಕಡ್ಡಿಗಳನ್ನಷ್ಟೇ ತೆಗೆದು ಕೆಲಸ ಮುಗಿಯಿತೆನ್ನುತ್ತಾರೆ. ಅನುಭವವಿರುವವರು ಮಾತ್ರ, ಕಾಂಡದಿಂದ ನೆಟ್ಟಗೆ ಮೇಲೇಳುವ, ನೋಡಲು ಇಡೀ ಗಿಡದಲ್ಲೇ ಅತ್ಯಂತ ಹಸಿರಾಗಿ ಕೊಬ್ಬಿರುವ ಚಿಗುರುಗಳನ್ನು ಮೊದಲು ತೆಗೆಯುತ್ತಾರೆ. ಅವು ಸತ್ವ ಎಳೆದುಕೊಳ್ಳುತ್ತವೆ, ಒಳಗೆ ನೆರಳು ಮಾಡುತ್ತವೆ, ಫಸಲು ಕೊಡುವುದಿಲ್ಲ. ಒಮ್ಮೆ ತೆಗೆದರೆ ಮುಗಿಯಿತೆಂದೂ ಇಲ್ಲ. ಮಳೆ ಬಿದ್ದೊಡನೆ ಅದೇ ಗೆಣ್ಣಿನಿಂದ ಮತ್ತೆ ಏಳುತ್ತವೆ.

ನಿಮ್ಮ ಪಟ್ಟಿಯಲ್ಲಿ ಅಂಥದ್ದು ಬಡಾವಣೆಯ ಸಂಘವೆಂದು ನನಗೆ ತೋರುತ್ತದೆ. ದಿನವೂ ಫೋನು, ನೀರಿನ ಟ್ಯಾಂಕರು, ಬೀದಿದೀಪ, ವಾಟ್ಸಾಪಿನಲ್ಲಿ ಜಗಳ. ಬಹಳ ಚುರುಕಾಗಿ ಕೆಲಸ ನಡೆಯುತ್ತಿರುವಂತೆ ಕಾಣುತ್ತದೆ. ಸೊರಗಿದಂತೆ ಕಾಣುವ ವೀಣೆಯನ್ನು ಒಣಗಿದ ಕಡ್ಡಿಯೆಂದು ಕತ್ತರಿಸಬೇಡಿ. ತಪ್ಪು ತಿಳಿದಿದ್ದರೆ ಕ್ಷಮಿಸಿ, ನಿಮ್ಮ ಮನೆಯನ್ನು ನಾನು ಕಂಡವನಲ್ಲ.

---

ನಿವೃತ್ತ ಮಾಸ್ತರ (ಧಾರವಾಡ)

ತಂಗೀ, ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಘೋಷಣೆ ಮಾಡಿದರೆ ಬಿಟ್ಟಂತಾಯಿತು ಎಂಬುದನ್ನು ನನ್ನ ಅನುಭವ ಒಪ್ಪುವುದಿಲ್ಲ.

ನಮ್ಮೂರಿನ ಒಂದು ಸಣ್ಣ ಸಾಹಿತ್ಯ ಕೂಟಕ್ಕೆ ನಾನು ಹದಿನೇಳು ವರ್ಷ ಕಾರ್ಯದರ್ಶಿಯಾಗಿದ್ದೆ. ಮೂರು ಸಲ ರಾಜೀನಾಮೆ ಕೊಟ್ಟೆ. ಮೊದಲ ಸಲ ಅಧ್ಯಕ್ಷರು ಮನೆಗೆ ಬಂದು ಚಹಾ ಕುಡಿದು ಅದನ್ನು ಹಿಂದಕ್ಕೆ ಕೊಟ್ಟು ಹೋದರು. ಎರಡನೆಯ ಸಲ ಸಭೆಯಲ್ಲಿ ಅಂಗೀಕಾರವಾಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮರುದಿನ ಬೆಳಿಗ್ಗೆ ಸಭಾಂಗಣದ ಬಾಡಿಗೆ ಚೀಟಿಗೆ ಸಹಿ ಹಾಕಿಸಲು ನನ್ನ ಮನೆಗೇ ಬಂದರು. ಕಾರಣ ಸರಳವಾಗಿತ್ತು. ಮುದ್ರೆ, ನಡಾವಳಿ ಪುಸ್ತಕ, ಚೆಕ್ ಪುಸ್ತಕ ಮೂರೂ ನನ್ನ ಟ್ರಂಕಿನಲ್ಲಿಯೇ ಇದ್ದವು. ಮೂರನೆಯ ಸಲ ಯಾರಿಗೂ ಏನನ್ನೂ ಹೇಳದೆ, ಖಜಾಂಚಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಸಹಿಯ ಅಧಿಕಾರವನ್ನು ಬದಲಾಯಿಸಿ, ಮುದ್ರೆಯನ್ನು ಅವರ ಕೈಗಿಟ್ಟು ಬಂದೆ. ಅಂದಿನಿಂದ ಒಬ್ಬರೂ ಬರಲಿಲ್ಲ. ಬರಲಿಲ್ಲವೆಂಬುದು ಒಂದು ವಾರ ನನ್ನನ್ನು ಕುಟುಕಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಹೊರೆ ಇಳಿದ ಸಂತೋಷಕ್ಕಿಂತ ನಾನಿಲ್ಲದೆಯೂ ನಡೆಯುತ್ತದೆ ಎಂಬ ಅರಿವು ಮೊದಲು ಬರುತ್ತದೆ, ಮತ್ತು ಅದು ಕಹಿಯಾಗಿಯೇ ಇರುತ್ತದೆ. ಅದಕ್ಕೆ ಹೆದರಿಯೇ ನಾವು ಅನೇಕರು ಚೆಕ್ ಪುಸ್ತಕವನ್ನು ಬಿಡುವುದಿಲ್ಲ.

ಆ ಹುಡುಗನ ಭಾನುವಾರದ ಪಾಠದ ಬಗ್ಗೆ ಯಾರೂ ಏನೂ ಹೇಳಿಲ್ಲ. ಮಕ್ಕಳಿಗೆ ಕೊಟ್ಟ ಮಾತನ್ನು ಶೈಕ್ಷಣಿಕ ವರ್ಷದ ನಡುವೆ ಮುರಿಯಬೇಡಿರಿ. ಪರೀಕ್ಷೆಯ ತನಕ ನಡೆಸಿ, ಮುಂದಿನ ವರ್ಷಕ್ಕೆ ಇಲ್ಲವೆಂದು ಈಗಲೇ ತಿಳಿಸಿರಿ.

---

ಕಡಲಕನ್ನಡಿ (ಮಂಗಳೂರು)

ನಾನು ಮನಶ್ಶಾಸ್ತ್ರ ಪಾಠ ಮಾಡುವವಳು, ಆದ್ದರಿಂದ ವೃತ್ತಿಯ ಚಟದಂತೆ ಎರಡು ಅಧ್ಯಯನಗಳನ್ನು ಹೇಳಿ, ಆಮೇಲೆ ಹೆಣ್ಣಾಗಿ ಒಂದು ಪ್ರಶ್ನೆ ಕೇಳುತ್ತೇನೆ.

ಮುಗಿಯದ ಕೆಲಸದಿಂದ ಮತ್ತೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಮತ್ತು ಹೊಸ ಕೆಲಸ ಕೆಡುತ್ತದೆ ಎಂಬುದನ್ನು ಸೋಫಿ ಲೆರಾಯ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ತಮ್ಮ ನೋಟ್‌ಬುಕ್ಕಿನ 11 ಗಂಟೆಗಳು ನಿಜಕ್ಕೂ 11 ಗಂಟೆಗಳಲ್ಲ ಎಂಬುದಕ್ಕೆ ಇದೇ ಕಾರಣವಿರಬಹುದು. ಇಪ್ಪತ್ತು ನಿಮಿಷದ ತುಣುಕಿನಲ್ಲಿ ಮೊದಲ ಹತ್ತು ನಿಮಿಷ ಹಿಂದಿನದನ್ನು ಮರೆಯುವುದಕ್ಕೇ ಸಲ್ಲುತ್ತದೆ. ಈ ಅಂಕಿಗಳು ಮಾತಿಗೆ ಹೇಳಿದವು, ಅಧ್ಯಯನದವಲ್ಲ. ಇನ್ನೊಂದು, 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಅವರು ಕಂಡದ್ದು: ಪೂರೈಸದ ಗುರಿಯೊಂದು ತಲೆಯಲ್ಲಿ ಮತ್ತೆ ಮತ್ತೆ ಸುಳಿಯುವುದನ್ನು ತಡೆಯಲು ಅದನ್ನು ಪೂರೈಸಲೇಬೇಕೆಂದಿಲ್ಲ, ಯಾವಾಗ, ಹೇಗೆ ಮಾಡುವೆನೆಂದು ನಿರ್ದಿಷ್ಟವಾಗಿ ಯೋಜಿಸಿದರೂ ಆ ಕಾಟ ಗಣನೀಯವಾಗಿ ತಗ್ಗುತ್ತದೆ. ಬಿಡುವುದಕ್ಕೆ ದಿನಾಂಕ ಗೊತ್ತುಮಾಡಿ ಎಂಬ ಹಳೇಕೀಲಿಮಣೆಯವರ ಮಾತು ಇದಕ್ಕೆ ಹೊಂದುತ್ತದೆ.

ಈಗ ಪ್ರಶ್ನೆ. ವಿಕಿಪೀಡಿಯ, ಅನುವಾದ, ವೀಣೆ, ಸಂಘ, ಪಾಠ ಇವುಗಳಲ್ಲಿ ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಅಮ್ಮನ ಆರೈಕೆಯನ್ನು ಮಾತ್ರ ನಿದ್ದೆ, ಓಡಾಟಗಳ ಸಾಲಿಗೆ ಸೇರಿಸಿ, ಲೆಕ್ಕದ ಮೊದಲೇ ಕಳೆದುಬಿಟ್ಟಿದ್ದೀರಿ. ತಮಗೆ ಒಡಹುಟ್ಟಿದವರು ಯಾರೂ ಇಲ್ಲವೇ? ಇದ್ದರೆ, ಹಂಚಿಕೊಳ್ಳಬಹುದಾದ ಅತಿ ದೊಡ್ಡ ಹೊಣೆಯನ್ನು ಪಟ್ಟಿಯಿಂದ ಹೊರಗಿಟ್ಟು, ತಮ್ಮ ಸಂತೋಷದ ಸಣ್ಣ ಸಣ್ಣ ಪಾಲುಗಳ ನಡುವೆ ಕತ್ತರಿ ಆಡಿಸುತ್ತಿದ್ದೀರಿ ಎಂದಾಗುತ್ತದೆ. ಅಮ್ಮನನ್ನು ಕೈಬಿಡಿ ಎಂದು ಯಾರೂ ಹೇಳುವುದಿಲ್ಲ, ನಾನಂತೂ ಹೇಳೆನು. ‘ನಾನೊಬ್ಬಳೇ ನೋಡಿಕೊಂಡರೆ ಮಾತ್ರ ಸರಿಯಾಗುತ್ತದೆ’ ಎಂಬ ಹಿಡಿತವನ್ನು ಬಿಡಬಹುದೇ ಎಂದಷ್ಟೇ ಕೇಳುತ್ತಿದ್ದೇನೆ. ನನ್ನ ಅತ್ತೆಯವರು ಹಾಸಿಗೆ ಹಿಡಿದಿದ್ದ ಕಾಲದಲ್ಲಿ ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

---

ಸಂಜೆವೀಣೆ (ಮೈಸೂರು), ಐದು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಉತ್ತರಿಸಲು ತಡವಾದುದಕ್ಕೆ ಈ ಸಲ ಬೇರೆ ಕಾರಣವಿದೆ: ನೀವು ಹೇಳಿದ ಕೆಲವನ್ನು ಮಾಡುತ್ತಿದ್ದೆ.

ಕಡಲಕನ್ನಡಿಯವರ ಪ್ರಶ್ನೆಗೆ ಮೊದಲು. ತಮ್ಮನೊಬ್ಬ ಇದ್ದಾನೆ, ಹುಬ್ಬಳ್ಳಿಯಲ್ಲಿ. ಅವನು ಕೇಳಲಿಲ್ಲ ಎಂದು ನಾನೂ, ಅಕ್ಕ ಕರೆಯಲಿಲ್ಲ ಎಂದು ಅವನೂ ಮೂರು ವರ್ಷ ಕಳೆದಿದ್ದೆವೆಂಬುದು ಒಂದೇ ಫೋನಿನಲ್ಲಿ ತಿಳಿದುಬಂತು. ತಿಂಗಳಿಗೆ ಎರಡು ಶನಿವಾರ, ಭಾನುವಾರ ಬಂದಿರುತ್ತೇನೆಂದಿದ್ದಾನೆ. ಇದುವರೆಗೆ ಎರಡು ಸಲ ಬಂದಿದ್ದಾನೆ. ಮೊದಲ ಸಲ ಮಧ್ಯಾಹ್ನದ ಮಾತ್ರೆಯನ್ನು ಮೊಸರನ್ನದ ಜೊತೆಗೆ ಕೊಟ್ಟುಬಿಟ್ಟ. ನಾನು ಅಡುಗೆಮನೆಯಿಂದಲೇ ಕೂಗಾಡಿದೆ. ಅಮ್ಮ ಮಾತ್ರ, ‘ಅವನೂ ಕಲಿಯಲಿ ಬಿಡೆ, ನೀನು ಒಂದೇ ದಿನಕ್ಕೆ ಕಲಿತೆಯಾ’ ಎಂದರು. ಎರಡನೆಯ ಸಲ ಅವನು ಹೊತ್ತುಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ನನ್ನ ನೋಟ್‌ಬುಕ್ಕಿಗಿಂತ ಅದು ಸ್ಪಷ್ಟವಾಗಿದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅನುವಾದದ ತಂಡಕ್ಕೆ ‘ದತ್ತು ಬೇಕು’ ಎಂದು ದಿನಾಂಕ ಸಹಿತ ಪತ್ರ ಬರೆದೆ. ಹನ್ನೊಂದು ದಿನ ಯಾವ ಉತ್ತರವೂ ಇರಲಿಲ್ಲ. ನಂತರ ಕಾಸರಗೋಡಿನ ವಿದ್ಯಾರ್ಥಿಯೊಬ್ಬರು, ಮೂರು ವರ್ಷದ ಹಿಂದೆಯೇ ಸೇರಬೇಕೆಂದಿದ್ದೆ, ಆದರೆ ನೀವೇ ನೋಡಿಕೊಳ್ಳುತ್ತಿರುವುದರಿಂದ ಅಗತ್ಯವಿಲ್ಲವೆಂದುಕೊಂಡೆ ಎಂದು ಬರೆದರು. ಟವೆಲಿನ ಮಾತು ಆಗ ನೆನಪಾಯಿತು. ‘ಅಳಿಸು’ ಮತ್ತು ‘ತೆಗೆದುಹಾಕು’ಗಳ ವ್ಯತ್ಯಾಸವನ್ನು ಅವರಿಗೆ ವಿವರಿಸಲು ಹೊರಟಾಗ, ಸುಮಾರು ಅರ್ಧದಷ್ಟು ಕಡೆ ನಾನೇ ಅದನ್ನು ಪಾಲಿಸಿಲ್ಲವೆಂದು ಗೊತ್ತಾಯಿತು. ಟಿಪ್ಪಣಿ ನಾಲ್ಕು ಪುಟವಾಗಲಿಲ್ಲ, ಎರಡೂವರೆಗೆ ಮುಗಿಯಿತು. ಅವರೊಬ್ಬರೇ ಎಷ್ಟು ದಿನ ಇರುತ್ತಾರೋ ಎಂಬ ಅಳುಕು ಇದ್ದೇ ಇದೆ. ವಿಕಿಪೀಡಿಯದಲ್ಲಿ ನನ್ನ ಬಳಕೆದಾರ ಪುಟದ ಮೇಲೆ ದೀರ್ಘ ರಜೆಯ ಫಲಕ ಹಾಕಿದ್ದೇನೆ. ಅಲ್ಲಿನ ಲೇಖನಗಳು ಯಾರ ಸ್ವತ್ತೂ ಅಲ್ಲವಾದ್ದರಿಂದ ಅದು ಎಲ್ಲಕ್ಕಿಂತ ಸುಲಭವಾಯಿತು. ಭಾನುವಾರದ ಪಾಠ ಮಾಸ್ತರರು ಹೇಳಿದಂತೆ ಮಾರ್ಚ್‌ವರೆಗೆ ನಡೆಯುತ್ತದೆ.

ವೀಣೆಯ ಗವುಸು ತೆಗೆದೆ. ಎರಡು ಬೇಸಗೆ ಮುಟ್ಟದೆ ಇಟ್ಟದ್ದರಿಂದ ಮೆಟ್ಟುಗಳನ್ನು ಹಿಡಿದಿಡುವ ಮೇಣ ಸಡಿಲವಾಗಿ ಕೆಲವು ಮೆಟ್ಟುಗಳು ಜರುಗಿವೆ, ಸರಿಮಾಡಿಸದೆ ನುಡಿಸುವಂತಿಲ್ಲ. ಸರಿಮಾಡುವವರು ಮುಂದಿನ ತಿಂಗಳು ಬರುತ್ತೇನೆಂದಿದ್ದಾರೆ.

ಸಂಘದ ವಿಷಯದಲ್ಲಿ ಮಲೆಯಂಚಿನವರು ಹೇಳಿದ್ದು ಸರಿಯಾಗಿತ್ತು. ರಾಜೀನಾಮೆ ಪತ್ರ ಕೊಟ್ಟಾಯಿತು, ಎಲ್ಲರೂ ವಿಷಾದ ವ್ಯಕ್ತಪಡಿಸಿಯೂ ಆಯಿತು. ಆದರೆ ಮಾಸ್ತರರೇ, ಮುದ್ರೆ ಇನ್ನೂ ನನ್ನ ಮೇಜಿನ ಖಾನೆಯಲ್ಲೇ ಇದೆ. ಮೂವರನ್ನು ಕೇಳಿದೆ, ಮೂವರೂ ಸಾಮಾನ್ಯ ಸಭೆಯವರೆಗೆ ನಿಮ್ಮಲ್ಲೇ ಇರಲಿ ಎಂದರು. ಖಜಾಂಚಿಯವರು ಈ ವಾರ ಊರಿನಲ್ಲಿರುತ್ತಾರಂತೆ. ಬ್ಯಾಂಕಿಗೆ ಹೋಗಲು ಶುಕ್ರವಾರ ಬೆಳಿಗ್ಗೆ ಕಾಲೇಜಿಗೆ ಅರ್ಧ ದಿನ ರಜೆ ಹಾಕಿದ್ದೇನೆ.